ಬೀಗದ ಕೈ ಎತ್ತಲು ನಾಯಿ ಹಿಂಜರಿದರೆ

ಪ್ರಶ್ನೆ: ತಂಗಿ ಗಾಲಿಕುರ್ಚಿ ಬಳಸುತ್ತಾಳೆ. ಅವಳ ಸಹಾಯಕ ನಾಯಿ ಬಿದ್ದ ಬಟ್ಟೆ, ಪುಸ್ತಕ ಎತ್ತಿಕೊಡುತ್ತದೆ. ಬೀಗದ ಕೈ ಗೊಂಚಲನ್ನು ಮಾತ್ರ ಮೂಸಿ ಬಿಡುತ್ತದೆ, ಇಲ್ಲವೇ ಅರ್ಧ ದಾರಿಯಲ್ಲಿ ಕೆಡವುತ್ತದೆ. ಏನು ಮಾಡಬೇಕು?

ಉತ್ತರ: ಇದು ಹಟವಲ್ಲ, ದಯವಿಟ್ಟು ಗದರಬೇಡಿ. ಲೋಹ ತಣ್ಣಗಿರುತ್ತದೆ, ಹಲ್ಲಿಗೆ ತಾಗಿ ಕಟಕಟ ಎನ್ನುತ್ತದೆ. ಎಷ್ಟೋ ನಾಯಿಗಳಿಗೆ ಅದು ಹಿಡಿಸುವುದಿಲ್ಲ. ಆದರೂ ಮೊದಲು ಪಶುವೈದ್ಯರಿಗೆ ಬಾಯಿ ತೋರಿಸಿ. ಹಲ್ಲು ಸೀಳಿದ್ದರೂ, ವಸಡು ಊದಿದ್ದರೂ ಹೀಗೇ ಆಗುತ್ತದೆ.

ಗೊಂಚಲಿಗೆ ಗೇಣುದ್ದದ ದಪ್ಪ ಬಟ್ಟೆಪಟ್ಟಿ ಕಟ್ಟಿ. ಕಲಿಸುವುದನ್ನು ಕೊನೆಯ ಹಂತದಿಂದ ಶುರುಮಾಡಿ: ನಾಯಿ ತಂಗಿಯ ಪಕ್ಕದಲ್ಲೇ ಪಟ್ಟಿಯನ್ನು 1 ಸೆಕೆಂಡ್ ಕಚ್ಚಿ ಹಿಡಿದು ಅವಳ ಅಂಗೈಗೆ ಬಿಡಲಿ. ಆಮೇಲೆ 3 ಸೆಕೆಂಡ್, 5 ಸೆಕೆಂಡ್. ಅದು ಗಟ್ಟಿಯಾದ ಮೇಲೆ ಗೊಂಚಲು ಅವಳ ತೊಡೆಯ ಮೇಲಿರಲಿ, ನಂತರ ನೆಲದ ಮೇಲೆ, ಕಡೆಗೆ ನಾಲ್ಕು ಹೆಜ್ಜೆ ದೂರ. ಒಂದು ಸಲಕ್ಕೆ 5 ನಿಮಿಷ ಸಾಕು.

ಅರ್ಧ ದಾರಿಯಲ್ಲಿ ಕೆಡವುವುದಕ್ಕೆ ಸಾಮಾನ್ಯವಾಗಿ ಕಾರಣ ನಮ್ಮ ಕೈ. ಅದು ತಿನಿಸಿನ ಚೀಲದತ್ತ ಹೋದದ್ದು ಕಂಡೊಡನೆ ನಾಯಿ ಬಾಯಿ ತೆರೆಯುತ್ತದೆ! ಹಾಗಾಗಿ ಮೊದಲು ಅಂಗೈ ಅದರ ಗಲ್ಲದ ಕೆಳಗೆ. ಬೀಗದ ಕೈ ಅಂಗೈಗೆ ಬಿದ್ದ ಮೇಲಷ್ಟೇ ತಿನಿಸು.

ಕೆಡವಿದ್ದನ್ನು ಮನೆಯವರು ಓಡಿಬಂದು ಎತ್ತಿಕೊಡಬೇಡಿ, ಆಜ್ಞೆಯ ಪದವನ್ನೂ ಬದಲಿಸಬೇಡಿ. ಆಮೇಲೆ ಪಟ್ಟಿಯನ್ನು ವಾರಕ್ಕಿಷ್ಟು ಗಿಡ್ಡ ಮಾಡಬಹುದು, ಪೂರ್ತಿ ತೆಗೆಯುವ ಅಗತ್ಯವೇನೂ ಇಲ್ಲ. ಬಿಡಿ ಮಾತ್ರೆ, ಗಾಜಿನ ಚೂರು ಎತ್ತುವುದನ್ನು ಮಾತ್ರ ಯಾವತ್ತೂ ಕಲಿಸಬೇಡಿ.