ಓಪನ್ ಸೋರ್ಸ್‌ಗೆ ಎಲ್ಲಿಂದ ಶುರು ಮಾಡಲಿ? ಬಗ್ ವರದಿ ಮಾಡಿದರೆ ಅದೂ ಕೊಡುಗೆ ಅಂತ ಲೆಕ್ಕವೇ?

ನಿಮ್ಮ ಪ್ರಶ್ನೆಯಲ್ಲಿ ಎರಡು ಮಾತಿವೆ. ಇಂಜಿನಿಯರಿಂಗ್ ಕೊನೆಯ ವರ್ಷ, ಸಿ++ ಮತ್ತು ಪೈಥಾನ್ ಸ್ವಲ್ಪ ಬರುತ್ತದೆ, ರೆಸ್ಯೂಮೆಗೆ ಓಪನ್ ಸೋರ್ಸ್ (ಕೋಡನ್ನು ಯಾರು ಬೇಕಾದರೂ ನೋಡಿ ತಿದ್ದಬಹುದಾದ ಸಾಫ್ಟ್‌ವೇರ್) ಕೆಲಸ ಬೇಕು, ಎಲ್ಲಿಂದ ಶುರು ಮಾಡಲಿ ಎಂಬುದು ಒಂದು. ಬಗ್, ಅಂದರೆ ಸಾಫ್ಟ್‌ವೇರಿನ ತಪ್ಪಿನ, ವರದಿ ಬರೆಯುವುದು ನಿಜವಾದ ಕೊಡುಗೆ ಅಲ್ಲ ಅಂತ ಸೀನಿಯರ್ ಹೇಳಿದರು, ಹೌದಾ ಎಂಬುದು ಇನ್ನೊಂದು. ಎರಡನೆಯದಕ್ಕೆ ಮೊದಲು ಉತ್ತರ ಕೊಡ್ತೀನಿ. ಅದು ತಿಳಿದರೆ ಮೊದಲನೆಯದು ಸುಲಭ.

ನಾನು ಟೆಸ್ಟಿಂಗ್ ಕೆಲಸದವನು. ಬಿಡುವಾದಾಗ ಲಿಬ್ರೆಆಫೀಸ್‌ಗೆ ಕೈಲಾದಷ್ಟು ಕೆಲಸ ಮಾಡುತ್ತೇನೆ. ಅದು ಪತ್ರ, ಲೆಕ್ಕದ ಹಾಳೆ ಮಾಡುವ ಓಪನ್ ಸೋರ್ಸ್ ಸಾಫ್ಟ್‌ವೇರ್. ಅಲ್ಲಿಗೆ ಹೋಗಿದ್ದು ಒಂದು ಬ್ಯಾನರ್‌ನಿಂದ.

ನಮ್ಮ ಭಾವನದು ಡಿಟಿಪಿ ಅಂಗಡಿ. ಒಂದು ಸಲ ಊರಿನ ಹುಡುಗಿಗೆ ಅಭಿನಂದನೆಯ ಬ್ಯಾನರ್ ಮಾಡಬೇಕಿತ್ತು. ‘ರ‍್ಯಾಂಕ್ ವಿಜೇತೆ’ ಅಂತ ಟೈಪ್ ಮಾಡಿದರೆ ಪರದೆ ಮೇಲೆ ‘ರ್ಯಾಂಕ್’ ಅಂತ ಅರ್ಕಾವತ್ತು ಹಾಕಿಕೊಂಡು ಬರುತ್ತಿತ್ತು. ಭಾವ ಫೋನ್ ಮಾಡಿ, "ನೀನು ಕಂಪ್ಯೂಟರ್ ಓದಿದವನಲ್ವಾ, ಇದೊಂದು ಸರಿ ಮಾಡಿಕೊಡು ಮಾರಾಯ" ಅಂದರು. ನಾನು ಲಿಬ್ರೆಆಫೀಸ್‌ನ ಬಗ್‌ಜಿಲ್ಲಾದಲ್ಲಿ (ಬಗ್ ವರದಿಗಳ ಜಾಲತಾಣ) ಖಾತೆ ತೆರೆದು, ‘ಕನ್ನಡ ಸರಿಯಾಗಿ ಕಾಣುತ್ತಿಲ್ಲ, ದಯವಿಟ್ಟು ಬೇಗ ಸರಿಪಡಿಸಿ’ ಎಂದು ಎರಡು ಸಾಲು ಇಂಗ್ಲಿಷಿನಲ್ಲಿ ಬರೆದೆ. ದೊಡ್ಡ ಉಪಕಾರ ಮಾಡಿದೆ ಅಂದುಕೊಂಡೆ.

ಮರುದಿನ ಒಬ್ಬ ಸ್ವಯಂಸೇವಕರು ಕೇಳಿದರು. ಯಾವ ಆವೃತ್ತಿ? ಯಾವ ಫಾಂಟ್? ಏನು ಟೈಪ್ ಮಾಡಿದಿರಿ, ಏನು ಬರಬೇಕಿತ್ತು, ಏನು ಬಂತು? ಒಂದು ಚಿಕ್ಕ ಫೈಲ್ ಲಗತ್ತಿಸಿ. ಬೇರೆ ಫಾಂಟ್‌ನಲ್ಲೂ ಹೀಗೇನಾ? ವರದಿಯ ಸ್ಥಿತಿಯನ್ನು ‘ನೀಡ್‌ಇನ್ಫೋ’ ಎಂದು ಬದಲಿಸಿದರು. ಮಾಹಿತಿ ಬೇಕು, ಚೆಂಡು ನಿಮ್ಮ ಅಂಗಳದಲ್ಲಿದೆ ಅಂತ ಅರ್ಥ. ತಿಂಗಳುಗಟ್ಟಲೆ ಉತ್ತರ ಕೊಡದಿದ್ದರೆ ಅಂಥ ವರದಿಯನ್ನು ಮುಚ್ಚಿಬಿಡುತ್ತಾರೆ.

ಆ ಕನ್ನಡ ಬಾರದ ಮನುಷ್ಯನಿಗೆ ‘ರ‍್ಯ’ದ ಕಥೆ ವಿವರಿಸಲು ಕೂತಾಗಲೇ ನನಗೂ ಅದು ಸರಿಯಾಗಿ ಗೊತ್ತಾಗಿದ್ದು. ಕನ್ನಡದಲ್ಲಿ ರ, ವಿರಾಮ (ಅರ್ಧಾಕ್ಷರ ಮಾಡುವ ಚಿಹ್ನೆ), ಯ ಸೇರಿದರೆ ಸಹಜವಾಗಿ ಬರುವುದು ಅರ್ಕಾವತ್ತು, ‘ಸೂರ್ಯ’ದಲ್ಲಿ ಇರುವ ಹಾಗೆ. ‘ರ‍್ಯಾಂಕ್’, ‘ರ‍್ಯಾಲಿ’ಯಲ್ಲಿ ಹಾಗಾಗಬಾರದು. ರ ಪೂರ್ತಿ ನಿಂತು ಯ ಒತ್ತಾಗಬೇಕು. ಅದಕ್ಕೆ ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೆ ಕಂಪ್ಯೂಟರಿನಲ್ಲಿ ಇರುವ ಜಾಗತಿಕ ಸಂಕೇತ ವ್ಯವಸ್ಥೆ) ಹೇಳುವ ದಾರಿ ಎಂದರೆ ರ ಆದ ಮೇಲೆ, ವಿರಾಮಕ್ಕೆ ಮೊದಲು, ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕುವುದು. ಹೆಸರು ‘ಜೀರೋ ವಿಡ್ತ್ ಜಾಯಿನರ್’. ನಾನು ಇದನ್ನೆಲ್ಲ ಬರೆದು, ಮೂರೇ ಪದಗಳಿರುವ ಫೈಲ್ ಲಗತ್ತಿಸಿದೆ. ಕೊನೆಗೆ ಅವರು ಕೇಳಿದ ಹಾಗೆ ಫಾಂಟ್ ಬದಲಿಸಿ ನೋಡಿದೆ. ನೋಟೋ ಸಾನ್ಸ್ ಕನ್ನಡದಲ್ಲಿ ಅಚ್ಚುಕಟ್ಟಾಗಿ ‘ರ‍್ಯಾಂಕ್’ ಅಂತ ಬಂತು! ತಪ್ಪು ಲಿಬ್ರೆಆಫೀಸ್‌ನದಲ್ಲ, ಭಾವ ಯಾರಿಂದಲೋ ಪೆನ್‌ಡ್ರೈವ್‌ನಲ್ಲಿ ತಂದ ಹಳೆಯ ಫಾಂಟ್‌ನದು. ವರದಿಗೆ ‘ನಾಟ್ ಅವರ್ ಬಗ್’ ಎಂಬ ಮುದ್ರೆ ಬಿತ್ತು. ನಾಚಿಕೆ ಆಯಿತು, ನಿಜ. ಆದರೆ ಯಾರೂ ಬೈಯಲಿಲ್ಲ. ಈಗ ಇನ್ನೊಬ್ಬರು ಇದೇ ದೂರು ತಂದರೆ ತೋರಿಸಲು ಒಂದು ಪುಟ ಇದೆ ಅಂದರು, ಅಷ್ಟೇ.

ನಿಮ್ಮ ಸೀನಿಯರ್ ಮಾತಿಗೆ ಇದೇ ನನ್ನ ಉತ್ತರ. ನಾನು ಮೊದಲು ಬರೆದ ಎರಡು ಸಾಲು ಕೊಡುಗೆ ಅಲ್ಲ, ತಲೆನೋವು. ಆಮೇಲೆ ಬರೆದದ್ದು ಕೊಡುಗೆ. ಅದನ್ನು ಓದಿದ ಯಾರು ಬೇಕಾದರೂ, ಕನ್ನಡ ಬಾರದಿದ್ದರೂ, ತಮ್ಮ ಕಂಪ್ಯೂಟರಿನಲ್ಲಿ ಅದೇ ತಪ್ಪನ್ನು ಮತ್ತೆ ಹುಟ್ಟಿಸಬಹುದಿತ್ತು. ತಪ್ಪು ತನ್ನ ಕಣ್ಣೆದುರು ನಡೆಯುವ ತನಕ ಪ್ರೋಗ್ರಾಮರ್ ಕೈಯಲ್ಲಿ ಏನೂ ಆಗುವುದಿಲ್ಲ. ಅಲ್ಲಿಗೆ ಕರೆತಂದು ನಿಲ್ಲಿಸುವುದು ಎಷ್ಟೋ ಸಲ ಕೋಡ್ ತಿದ್ದುವುದಕ್ಕಿಂತ ಜಾಸ್ತಿ ಹೊತ್ತು ಹಿಡಿಯುವ ಕೆಲಸ.

ಹಾಗಾದರೆ ಎಲ್ಲಿಂದ ಶುರು? ನನ್ನನ್ನು ಕೇಳಿದರೆ, ನಿಮ್ಮದೇ ಬಗ್ ಹುಡುಕಿಕೊಂಡು ಹೋಗಬೇಡಿ. ಬೇರೆಯವರು ಬರೆದ ವರದಿಗಳನ್ನು ಪರೀಕ್ಷಿಸಿ. ಲಿಬ್ರೆಆಫೀಸ್‌ನಲ್ಲಿ ಹೊಸ ವರದಿ ಮೊದಲು ‘ಅನ್‌ಕನ್‌ಫರ್ಮ್ಡ್’ ಸ್ಥಿತಿಯಲ್ಲಿರುತ್ತದೆ. ಇನ್ನೊಬ್ಬರು ಅದನ್ನು ಮಾಡಿ ನೋಡಿ, ಹೌದು, ನನಗೂ ಹೀಗೇ ಆಗುತ್ತಿದೆ ಅಂದ ಮೇಲೆ ‘ನ್ಯೂ’ ಆಗುತ್ತದೆ. ಆ ಇನ್ನೊಬ್ಬರು ನೀವೇ ಆಗಬಹುದು. ಕೋಡ್ ಒಂದು ಸಾಲೂ ಬೇಡ. ಹೊಸ ಆವೃತ್ತಿ ಹಾಕಿಕೊಂಡು, ವರದಿಯ ಹೆಜ್ಜೆಗಳನ್ನು ಮಾಡಿ, ಏನಾಯಿತು ಅಂತ ಬರೆಯಿರಿ. ಆಗಲಿಲ್ಲ ಎಂದರೆ ಅದನ್ನೂ ಬರೆಯಿರಿ. ಸಹಾಯದ ಮೆನುವಿನಲ್ಲಿ ‘ಅಬೌಟ್’ ಒತ್ತಿದರೆ ಆವೃತ್ತಿ, ಆಪರೇಟಿಂಗ್ ಸಿಸ್ಟಮ್ ಎಲ್ಲ ಒಂದೇ ಕಡೆ ಸಿಗುತ್ತದೆ, ಕಾಪಿ ಮಾಡಿ ಅಂಟಿಸಿ. ಅದೇ ಮೆನುವಿನಲ್ಲಿ ‘ಸೇಫ್ ಮೋಡ್’ ಇದೆ. ನಿಮ್ಮ ಹಳೆಯ ಸೆಟ್ಟಿಂಗ್ ಕೆಟ್ಟು ತಪ್ಪು ಕಾಣುತ್ತಿದ್ದರೆ ಅಲ್ಲಿ ಬಯಲಾಗುತ್ತದೆ. ಇಪ್ಪತ್ತು ವರದಿ ಹೀಗೆ ನೋಡಿದ ಮೇಲೆ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಅಂತ ನಿಮಗೇ ಗೊತ್ತಾಗುತ್ತದೆ.

ಇಲ್ಲೊಂದು ಎಚ್ಚರಿಕೆ. ಬಗ್‌ಜಿಲ್ಲಾಕ್ಕೆ ಹಾಕಿದ ಫೈಲ್ ಇಡೀ ಜಗತ್ತಿಗೆ ಕಾಣುತ್ತದೆ. ಆಧಾರ್ ನಂಬರ್, ಸಂಬಳದ ಪಟ್ಟಿ ಇರುವ ಫೈಲನ್ನು ಹಾಗೇ ಹಾಕಿದವರನ್ನು ನೋಡಿದ್ದೇನೆ. ಹೆಸರು, ಅಂಕಿ ಎಲ್ಲ ಬದಲಿಸಿ, ತಪ್ಪು ಕಾಣುವಷ್ಟನ್ನು ಮಾತ್ರ ಉಳಿಸಿ ಹಾಕಿ. ಭದ್ರತೆಯ ತೂತು ಕಂಡರಂತೂ ಬಹಿರಂಗವಾಗಿ ಬರೆಯಲೇಬಾರದು. ಅದಕ್ಕೆ ಬೇರೆ ಇಮೇಲ್ ಇರುತ್ತದೆ.

ಇದಾದ ಮೇಲೆ ನನಗೆ ತುಂಬಾ ಇಷ್ಟವಾದ ಕೆಲಸ ಒಂದಿದೆ, ಬಿಬಿಸೆಕ್ಟ್. ಮೊದಲು ಸರಿ ಇದ್ದದ್ದು ಈಗ ಕೆಟ್ಟಿದೆ ಎನ್ನುವ ಬಗ್‌ಗಳಿರುತ್ತವಲ್ಲ, ಅವಕ್ಕೆ ಇದು. ಲಿಬ್ರೆಆಫೀಸ್‌ನವರು ಬೆಳವಣಿಗೆಯ ಒಂದೊಂದು ಹಂತದ ಸಿದ್ಧ ಪ್ರೋಗ್ರಾಮನ್ನೂ ಗಿಟ್‌ನಲ್ಲಿ (ಬದಲಾವಣೆಗಳನ್ನು ಒಂದೊಂದಾಗಿ ದಾಖಲಿಸಿಡುವ ಉಪಕರಣ) ಜೋಡಿಸಿಟ್ಟಿದ್ದಾರೆ. ಡೌನ್‌ಲೋಡ್ ಹಲವು ಜಿಬಿ, ಹಾಸ್ಟೆಲ್ ವೈಫೈಗೆ ಸ್ವಲ್ಪ ಕಷ್ಟ. ಒಂದು ತುದಿಯಲ್ಲಿ ಸರಿ ಇರುವ ಆವೃತ್ತಿ, ಇನ್ನೊಂದು ತುದಿಯಲ್ಲಿ ಕೆಟ್ಟದ್ದು. ಗಿಟ್ ನಡುವಿನದ್ದನ್ನು ಕೊಡುತ್ತದೆ. ತೆರೆದು ನೋಡಿ, ಸರಿ ಅಥವಾ ಕೆಟ್ಟದ್ದು ಅಂತ ಹೇಳಿ. ಮತ್ತೆ ಉಳಿದ ಅರ್ಧದ ನಡುವಿನದ್ದನ್ನು ಕೊಡುತ್ತದೆ. ನಡುವೆ ಸಾವಿರ ಬದಲಾವಣೆ ಇದ್ದರೂ ಹತ್ತೇ ಸಲ ನೋಡಿದರೆ ಸಾಕು, ಎಲ್ಲಿ ಕೆಟ್ಟಿತು ಅಂತ ಬೊಟ್ಟು ಮಾಡಿ ತೋರಿಸಬಹುದು. ಪದಕೋಶದಲ್ಲಿ ಪದ ಹುಡುಕುವ ಹಾಗೆ. ಆ ಬದಲಾವಣೆ ಮಾಡಿದವರಿಗೆ ವರದಿಯಲ್ಲೇ ಸುದ್ದಿ ಮುಟ್ಟಿಸುತ್ತಾರೆ. ಎಷ್ಟೋ ಸಲ ಅವರು ಬಂದು, "ಓ, ಆ ಷರತ್ತು ಮರೆತೆ" ಅಂತ ಸರಿ ಮಾಡಿ ಹೋಗುತ್ತಾರೆ. ನಾನು ಒಂದು ಸಾಲೂ ಬರೆಯದೆ ಸರಿಯಾದ ಬಗ್‌ಗಳಿವೆ ಅಂದರೆ ನಂಬುತ್ತೀರಾ?

ಈಗ ಕೋಡ್. ಲಿಬ್ರೆಆಫೀಸ್ ದೊಡ್ಡ ಸಾಮ್ರಾಜ್ಯ, ಹೆಚ್ಚಿನದು ಸಿ++. ಜರ್ಮನಿಯ ಸ್ಟಾರ್‌ಆಫೀಸ್ ಅದರ ಮೂಲ. ಸನ್ ಕಂಪನಿ 1999ರಲ್ಲಿ ಅದನ್ನು ಕೊಂಡಿತು, ಆಮೇಲೆ ಓಪನ್‌ಆಫೀಸ್ ಆಯಿತು, 2010ರಲ್ಲಿ ಕವಲೊಡೆದು ಲಿಬ್ರೆಆಫೀಸ್ ಹುಟ್ಟಿತು. ಹಾಗಾಗಿ ಕೋಡಿನ ತುಂಬ ಜರ್ಮನ್ ಟಿಪ್ಪಣಿಗಳಿದ್ದವು. ಅವನ್ನು ಇಂಗ್ಲಿಷ್ ಮಾಡಲು ಸ್ವಯಂಸೇವಕರಿಗೆ ವರ್ಷಗಳೇ ಹಿಡಿದವು. ನಮ್ಮ ಹಳೇ ಮನೆಗಳ ಅಟ್ಟ ಇರುತ್ತದಲ್ಲ, ಹಾಗಿದೆ ಅದು. ಹೆದರಬೇಡಿ. ಹೊಸಬರಿಗೆ ಅಂತಲೇ ‘ಈಸಿಹ್ಯಾಕ್’ ಎಂಬ ಗುರುತು ಹಾಕಿದ ಕೆಲಸಗಳಿವೆ.

ನನ್ನ ಮೊದಲ ಪ್ಯಾಚ್, ಅಂದರೆ ಕೋಡಿಗೆ ಕಳಿಸಿದ ತಿದ್ದುಪಡಿ, ಹೇಳಿದರೆ ನಗ್ತೀರಿ. ಅರೇಯಲ್ಲಿ (ಒಂದೇ ಬಗೆಯ ಅಂಶಗಳ ಸಾಲು) ಎಷ್ಟು ಅಂಶಗಳಿವೆ ಅಂತ ಎಣಿಸುವ ಹಳೆಯ ಮ್ಯಾಕ್ರೋ (ಕೋಡಿನ ಸಿದ್ಧ ತುಣುಕು) ಒಂದಿತ್ತು. ಅದರ ಬದಲು ಸಿ++ ಭಾಷೆಯಲ್ಲೇ ಇರುವ ‘ಸೈಜ್’ ಬಳಸಬೇಕು. ಒಂದು ಫೈಲ್, ನಾಲ್ಕು ಸಾಲು. ಆದರೆ ಅದಕ್ಕೆ ಮುಂಚೆ ಇಡೀ ಲಿಬ್ರೆಆಫೀಸ್ ಬಿಲ್ಡ್ ಮಾಡಬೇಕಲ್ಲ, ಅಂದರೆ ಕೋಡಿನಿಂದ ಓಡುವ ಪ್ರೋಗ್ರಾಮ್ ತಯಾರಿಸಬೇಕಲ್ಲ. ನನ್ನ 8 ಜಿಬಿ ಲ್ಯಾಪ್‌ಟಾಪ್‌ನಲ್ಲಿ ರಾತ್ರಿ ಊಟ ಮಾಡಿ ಹಾಕಿದ ಬಿಲ್ಡ್ ಬೆಳಗ್ಗೆ ಕಾಫಿ ಹೊತ್ತಿಗೂ ಓಡುತ್ತಲೇ ಇತ್ತು. ಹಿಂದಿನ ಬಿಲ್ಡಿನ ಫಲಿತಾಂಶ ಉಳಿಸಿಡುವ ‘ಸಿಕ್ಯಾಶ್’ ಹಾಕಿಕೊಂಡರೆ ಎರಡನೇ ಸಲದಿಂದ ಸಲೀಸು.

ಪ್ಯಾಚ್ ಕಳಿಸುವುದು ಗೆರಿಟ್ ಎಂಬ ಪರಿಶೀಲನೆಯ ವ್ಯವಸ್ಥೆಗೆ. ಜೆಂಕಿನ್ಸ್ ಎಂಬ ಸಾಫ್ಟ್‌ವೇರ್ ಅದನ್ನು ತಾನೇ ಲಿನಕ್ಸ್, ವಿಂಡೋಸ್, ಮ್ಯಾಕ್‌ಗಳಲ್ಲಿ ಬಿಲ್ಡ್ ಮಾಡಿ ನೋಡುತ್ತದೆ, ಆಮೇಲೆ ಮನುಷ್ಯರು ಓದುತ್ತಾರೆ. ನನ್ನದಕ್ಕೆ -1, ಅಂದರೆ ಹೀಗೇ ಸೇರಿಸಲಾಗದು ಎಂಬ ಗುರುತು, ಬಿತ್ತು! ಎರಡು ಕಾರಣ. ಕಮಿಟ್ (ದಾಖಲಿಸಿದ ಬದಲಾವಣೆ) ಜೊತೆಗಿನ ಸಂದೇಶದಲ್ಲಿ ‘ಫಿಕ್ಸ್ಡ್’ ಅಂತ ಮಾತ್ರ ಬರೆದಿದ್ದೆ. ಜೊತೆಗೆ ನನ್ನ ಎಡಿಟರ್ ಫೈಲ್ ಪೂರ್ತಿ ಖಾಲಿ ಜಾಗಗಳನ್ನು ತಾನೇ ತಿದ್ದಿಬಿಟ್ಟಿತ್ತು. ನಾಲ್ಕು ಸಾಲಿನ ಪ್ಯಾಚ್ ಇನ್ನೂರು ಸಾಲಾಗಿತ್ತು. ಸರಿ ಮಾಡಿ ಹೊಸ ಕಮಿಟ್ ಕಳಿಸಿದೆ. ಅದೂ ತಪ್ಪು. ಗೆರಿಟ್‌ನಲ್ಲಿ ಹಳೆಯ ಕಮಿಟ್ಟನ್ನೇ ‘ಅಮೆಂಡ್’ ಮಾಡಬೇಕು, ಅಂದರೆ ತಿದ್ದಬೇಕು, ಸಂದೇಶದ ಕೆಳಗಿನ ಚೇಂಜ್ ಐಡಿ (ಪ್ಯಾಚ್‌ನ ಗುರುತು) ಹಾಗೇ ಇರಬೇಕು. ಇಲ್ಲದಿದ್ದರೆ ಅದು ಬೇರೆಯೇ ಪ್ಯಾಚ್ ಅಂದುಕೊಳ್ಳುತ್ತದೆ. ಇಷ್ಟೆಲ್ಲ ಆಗಿ ಸೇರುವಾಗ ಎರಡು ವಾರ ಕಳೆದಿತ್ತು. ನಾಲ್ಕು ಸಾಲಿಗೆ! ಆದರೆ ಎರಡನೇ ಪ್ಯಾಚ್ ಎರಡೇ ದಿನದಲ್ಲಿ ಸೇರಿತು.

-1 ಬಂದಾಗ ಬೇಜಾರು ಮಾಡಿಕೊಂಡು ಮಾಯವಾಗುವವರೇ ಜಾಸ್ತಿ. ಅದು ನಿಮ್ಮ ಮೇಲಿನ ತೀರ್ಪಲ್ಲ. ಅಲ್ಲಿ ದೊಡ್ಡ ದೊಡ್ಡವರಿಗೂ ಬೀಳುತ್ತದೆ.

ರೆಸ್ಯೂಮೆ ವಿಷಯ ನೇರವಾಗಿ ಹೇಳ್ತೀನಿ. 2024ರಲ್ಲಿ ಎಕ್ಸ್‌ಪ್ರೆಸ್ ಎಂಬ ಜಾವಾಸ್ಕ್ರಿಪ್ಟ್ ಯೋಜನೆಗೆ ರಾಶಿ ರಾಶಿ ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಬಂದವು. ಏನಿತ್ತು ಅದರಲ್ಲಿ? ರೀಡ್‌ಮೀ ಎಂಬ ಪರಿಚಯದ ಫೈಲಿಗೆ ತಮ್ಮ ಹೆಸರು ಸೇರಿಸಿದ್ದು. ಯಾವುದೋ ಪಾಠದ ವಿಡಿಯೋ ನೋಡಿ, ಅದರಲ್ಲಿ ತೋರಿಸಿದ್ದನ್ನು ಹಾಗೇ ಮಾಡಿದ್ದರು. ಸುಮ್ನೆ ಕೂತು ಅದನ್ನೆಲ್ಲ ಮುಚ್ಚಿದವರು ಸಂಬಳವಿಲ್ಲದೆ ಕೆಲಸ ಮಾಡುವ ಜನ. ಈಗ ಅದರ ಜಾಗಕ್ಕೆ ಎಐ ಬಂದಿದೆ. ಇಂಟರ್ನೆಟ್ಟಿನಲ್ಲಿ ಮಾಹಿತಿ ಸಾಗಿಸುವ ಸಾಫ್ಟ್‌ವೇರಾದ ಕರ್ಲ್ ಯೋಜನೆಯ ಡೇನಿಯಲ್ ಸ್ಟೆನ್‌ಬರ್ಗ್, ಎಐ ಹೆಣೆದ ಸುಳ್ಳು ಭದ್ರತಾ ವರದಿಗಳನ್ನು ಓದಿ ಓದಿ ಸಾಕಾಗಿದೆ ಅಂತ ಬಹಿರಂಗವಾಗಿಯೇ ಹೇಳಿದ್ದಾರೆ. ನೀವು ಎಐ ಕೇಳಿ ಕಲಿಯಿರಿ, ತಪ್ಪಿಲ್ಲ. ನೀವೇ ಮಾಡಿ ನೋಡದ್ದನ್ನು ಮಾತ್ರ ವರದಿ ಮಾಡಬೇಡಿ. ನಿಮ್ಮ ಹೆಸರಲ್ಲಿ ಹತ್ತು ಒಳ್ಳೆಯ ವರದಿ, ಎರಡು ಪ್ಯಾಚ್ ಇದ್ದರೆ ಸಂದರ್ಶನದಲ್ಲಿ ಅರ್ಧ ಗಂಟೆ ಮಾತಾಡಬಹುದು. ರೀಡ್‌ಮೀಯಲ್ಲಿ ಹೆಸರಿದ್ದರೆ ಏನು ಮಾತಾಡ್ತೀರಿ? ಹೊಸಬರು ಹಣ ಪಡೆದು ಓಪನ್ ಸೋರ್ಸ್ ಕೆಲಸ ಮಾಡುವ ಗೂಗಲ್ ಸಮ್ಮರ್ ಆಫ್ ಕೋಡ್‌ಗೆ ಅರ್ಜಿ ಹಾಕುವ ಯೋಚನೆ ಇದ್ದರೂ ಅಷ್ಟೇ. ಮೊದಲೇ ಸಣ್ಣ ಪ್ಯಾಚ್ ಮಾಡಿ ತೋರಿಸಿ ಎನ್ನುವ ಯೋಜನೆಗಳು ಅಲ್ಲಿವೆ.

ಲಿಬ್ರೆಆಫೀಸೇ ಆಗಬೇಕು ಅಂತೇನಿಲ್ಲ. ನೀವು ದಿನಾ ಬಳಸುವ ಯಾವುದಾದರೂ ಆಗಬಹುದು. ಕನ್ನಡದ ಆಸಕ್ತಿ ಇದ್ದರೆ ಹರ್ಫ್‌ಬಜ್ ನೋಡಿ. ಅಕ್ಷರ, ಒತ್ತು, ಗುಣಿತಗಳನ್ನು ಜೋಡಿಸುವ ಕೆಲಸ ಅದರದು. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎಲ್ಲದರ ಒಳಗೂ ಅದೇ ಇದೆ. ಅಲ್ಲಿ ಒಂದು ಒತ್ತಕ್ಷರ ಸರಿಯಾದರೆ ಇಷ್ಟೂ ಕಡೆ ಸರಿಯಾಗುತ್ತದೆ. ಫಾಂಟ್ ಮತ್ತು ಪದ ಕೊಟ್ಟರೆ ಚಿತ್ರ ಮಾಡಿ ತೋರಿಸುವ ಪುಟ್ಟ ಉಪಕರಣವೂ ಅದರ ಜೊತೆ ಬರುತ್ತದೆ. ತಪ್ಪು ಫಾಂಟ್‌ನದೋ ಅಲ್ಲವೋ ಅಂತ ಐದು ನಿಮಿಷದಲ್ಲಿ ತಿಳಿಯಬಹುದು. ನನಗೆ ಆಗ ಅದು ಗೊತ್ತಿದ್ದಿದ್ದರೆ ಮಾನ ಉಳಿಯುತ್ತಿತ್ತು.

ಭಾವನ ಫಾಂಟ್ ಏನಾಯಿತು ಅಂತ ಕೇಳ್ತೀರೇನೋ. ಅದನ್ನು ಮಾಡಿದವರಿಗೆ ತಿಳಿಸೋಣ ಅಂತ ಫೈಲಿನ ಒಳಗೆಲ್ಲ ಹುಡುಕಿದೆ. ಹೆಸರಿಲ್ಲ, ವಿಳಾಸವಿಲ್ಲ, ಲೈಸೆನ್ಸ್ ಇಲ್ಲ. ತಿದ್ದೋಣ ಎಂದರೆ ಅನುಮತಿ ಕೇಳಲೂ ಯಾರೂ ಇಲ್ಲ. ಅಕ್ಷರ ದಪ್ಪಗಿದೆ, ಬ್ಯಾನರ್‌ಗೆ ಚೆನ್ನಾಗಿ ಕಾಣುತ್ತದೆ ಅಂತ ಭಾವ ಇವತ್ತಿಗೂ ಅದನ್ನೇ ಬಳಸುತ್ತಾರೆ. ರಿಸಲ್ಟ್ ಬರುವ ತಿಂಗಳಲ್ಲಿ ಮಾತ್ರ ‘ರ‍್ಯಾಂಕ್’ ಎಂಬ ಪದ ಒಂದನ್ನು ನೋಟೋದಲ್ಲಿ ಹಾಕಿಕೊಳ್ಳುತ್ತಾರೆ.