ಚಮಚ ಸವೆದದ್ದೇಕೆ? ವಿದ್ಯುದ್ವಿಭಜನೆಗೆ ಯಾವ ಕಡ್ಡಿ?

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಹತ್ತನೆಯ ತರಗತಿಯ ನೀರಿನ ವಿದ್ಯುದ್ವಿಭಜನೆಯ (ವಿದ್ಯುತ್ ಹಾಯಿಸಿ ನೀರನ್ನು ಜಲಜನಕ, ಆಮ್ಲಜನಕಗಳಾಗಿ ಒಡೆಯುವ) ಪ್ರಯೋಗಕ್ಕೆ ಇಂಗಾಲದ ಕಡ್ಡಿ ಸಿಗದೆ ಎರಡು ಸ್ಟೀಲ್ ಚಮಚಗಳನ್ನು ಬಳಸಿ, ಆಮ್ಲದ ಬದಲು ಅಡುಗೆ ಉಪ್ಪು ಹಾಕಿದೆವು. ಸ್ವಲ್ಪ ಹೊತ್ತಿನಲ್ಲೇ ನೀರು ಹಳದಿ ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿತು, ಒಂದು ಚಮಚದ ಅಂಚು ಸವೆಯಿತು. ಹಿಂದೆ ತಾಮ್ರದ ತಂತಿ ಬಳಸಿದಾಗ ನೀರು ನೀಲಿಯಾಗಿತ್ತು. ಯಾವ ವಸ್ತುವನ್ನು ಆರಿಸಿಕೊಳ್ಳಬೇಕು?

ಉತ್ತರ: ಮೊದಲು ಆ ನೀರಿನ ವಿಚಾರ. ಅದನ್ನು ಮಕ್ಕಳು ಮುಟ್ಟದಂತೆ ನೋಡಿಕೊಳ್ಳಿ, ಚರಂಡಿಗೂ ಸುರಿಯಬೇಡಿ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕಬ್ಬಿಣದ ಜೊತೆ ಕ್ರೋಮಿಯಂ ಇರುತ್ತದೆ. ಹೀಗೆ ಕರಗುವಾಗ ಅದರಲ್ಲಿ ಒಂದಿಷ್ಟು ಪಾಲು ಕ್ಯಾನ್ಸರ್‌ಕಾರಕವಾದ ಆರು ವೇಲೆನ್ಸಿಯ ಕ್ರೋಮಿಯಂ ಆಗುವ ಸಾಧ್ಯತೆಯಿದೆ. ಬಾಟಲಿಯಲ್ಲಿ ತುಂಬಿ ಮುಚ್ಚಿ, ಹೆಸರು ಬರೆದು, ಹತ್ತಿರದ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದವರನ್ನು ವಿಚಾರಿಸಿ ಅವರ ಮೂಲಕ ವಿಲೇವಾರಿ ಮಾಡಿಸಿ. ಉಪ್ಪು ಹಾಕಿದ್ದರಿಂದ ಕ್ಲೋರಿನ್ ಅನಿಲವೂ ಹುಟ್ಟಿರುತ್ತದೆ. ಮುಚ್ಚಿದ ಕೋಣೆಯಲ್ಲಿ ಇದು ಸಣ್ಣ ವಿಷಯವಲ್ಲ.

ಸವೆದದ್ದು ಬ್ಯಾಟರಿಯ ಧನ ತುದಿಗೆ ಜೋಡಿಸಿದ ಚಮಚವೇ, ಅಂದರೆ ಧನಾಗ್ರವೇ ಆಗಿರಬೇಕು. ಋಣ ತುದಿಗೆ ಜೋಡಿಸಿದ ಋಣಾಗ್ರಕ್ಕೆ ಎಲೆಕ್ಟ್ರಾನುಗಳು ಹರಿದು ಬರುತ್ತಿರುವುದರಿಂದ ಅಲ್ಲಿನ ಲೋಹ ಕರಗುವುದಿಲ್ಲ, ಸ್ಟೀಲಾದರೂ ನಡೆಯುತ್ತದೆ. ಧನಾಗ್ರದಲ್ಲಿ ಎಲೆಕ್ಟ್ರಾನುಗಳನ್ನು ಯಾರಾದರೂ ಬಿಟ್ಟುಕೊಡಲೇಬೇಕು: ನೀರು ಕೊಟ್ಟರೆ ಆಮ್ಲಜನಕ ಬರುತ್ತದೆ, ಲೋಹವೇ ಕೊಟ್ಟರೆ ಲೋಹ ಅಯಾನುಗಳಾಗಿ (ವಿದ್ಯುದಾವೇಶವುಳ್ಳ ಕಣಗಳಾಗಿ) ಕರಗುತ್ತದೆ. ತಾಮ್ರ ಮತ್ತು ಕಬ್ಬಿಣ ನೀರಿಗಿಂತ ಸುಲಭವಾಗಿ ಎಲೆಕ್ಟ್ರಾನ್ ಬಿಟ್ಟುಕೊಡುತ್ತವೆ. ಸ್ಟೇನ್‌ಲೆಸ್ ಸ್ಟೀಲನ್ನು ಅದರ ಮೇಲಿನ ತೆಳುವಾದ ಆಕ್ಸೈಡ್ ಪದರ ಕಾಪಾಡುತ್ತದೆಯಾದರೂ, ಉಪ್ಪಿನ ಕ್ಲೋರೈಡ್ ಆ ಪದರವನ್ನೇ ಅಲ್ಲಲ್ಲಿ ಭೇದಿಸುತ್ತದೆ. ಹಾಗಾಗಿ ಆಯ್ಕೆಯ ಪ್ರಶ್ನೆಯೆಲ್ಲ ಬಹುಮಟ್ಟಿಗೆ ಧನಾಗ್ರದ ಪ್ರಶ್ನೆ, ಮತ್ತು ಅದನ್ನು ದ್ರಾವಣದಿಂದ ಬೇರ್ಪಡಿಸಿ ಕೇಳಲು ಬರುವುದಿಲ್ಲ.

ನಿಮಗಾದ ಅನುಭವ ಈ ಪ್ರಯೋಗದಷ್ಟೇ ಹಳೆಯದು. 1800ರಲ್ಲಿ ಲಂಡನ್ನಿನಲ್ಲಿ ವಿಲಿಯಂ ನಿಕಲ್ಸನ್ ಮತ್ತು ಆಂಥೋನಿ ಕಾರ್ಲೈಲ್ ವೋಲ್ಟಾ ಕೋಶಮಾಲೆಗೆ (ಆ ಕಾಲದ ಬ್ಯಾಟರಿಗೆ) ಹಿತ್ತಾಳೆ ತಂತಿಗಳನ್ನು ಜೋಡಿಸಿ ನೀರಿನಲ್ಲಿಟ್ಟಾಗ ಒಂದು ತಂತಿಯಲ್ಲಿ ಜಲಜನಕದ ಗುಳ್ಳೆಗಳೆದ್ದವು, ಇನ್ನೊಂದು ತಂತಿ ಕಿಲುಬುಗಟ್ಟಿತು. ಪ್ಲಾಟಿನಂ ತಂತಿಗಳಿಗೆ ಬದಲಾಯಿಸಿದ ಮೇಲೆಯೇ ಎರಡೂ ಕಡೆ ಅನಿಲ ಬಂದದ್ದು. ಇದನ್ನು ಮಕ್ಕಳಿಗೆ ಹೇಳಿದರೆ ನಿಮ್ಮ ಕೆಟ್ಟ ಚಮಚವೂ ಒಳ್ಳೆಯ ಪಾಠವಾಗುತ್ತದೆಂದು ನನಗೆ ಅನಿಸುತ್ತದೆ.

ಪ್ಲಾಟಿನಂ ಶಾಲೆಗಳ ಕೈಗೆಟುಕುವಂಥದಲ್ಲ. ಪಠ್ಯಪುಸ್ತಕ ಹೇಳುವ ಗ್ರ್ಯಾಫೈಟ್ ಕಡ್ಡಿಯೇ, ಅಂದರೆ ಇಂಗಾಲದ ಕಡ್ಡಿಯೇ, ಸಾರರಿಕ್ತ (ನೀರು ಬೆರೆತ) ಸಲ್ಫ್ಯೂರಿಕ್ ಆಮ್ಲಕ್ಕೆ ತಕ್ಕ ಆಯ್ಕೆ. ವಿಜ್ಞಾನ ಉಪಕರಣಗಳ ಅಂಗಡಿಯಿಂದ ತರಿಸಿಕೊಳ್ಳಿ. ಹಳೆಯ ಬ್ಯಾಟರಿಗಳನ್ನು ಮಕ್ಕಳಿಂದ ಒಡೆಸಬೇಡಿ: ಆಲ್ಕಲೈನ್ ಬ್ಯಾಟರಿಯೊಳಗೆ ಇಂಗಾಲದ ಕಡ್ಡಿ ಇರುವುದೇ ಇಲ್ಲ, ಚರ್ಮ ಸುಡುವ ಕ್ಷಾರವಿರುತ್ತದೆ. ಪೆನ್ಸಿಲಿನ ಸೀಸದಲ್ಲಿ ಜೇಡಿಮಣ್ಣೂ ಬೆರೆತಿರುವುದರಿಂದ ಅದರ ರೋಧ ಹೆಚ್ಚು, ಬೇಗ ಮುರಿಯುತ್ತದೆ. ಗ್ರ್ಯಾಫೈಟಿಗೂ ಒಂದು ಕೊರತೆಯಿದೆ. ಧನಾಗ್ರದಲ್ಲಿ ಅದು ನಿಧಾನವಾಗಿ ಆಕ್ಸಿಡೀಕರಣಗೊಂಡು ಇಂಗಾಲದ ಡೈಆಕ್ಸೈಡ್ ಆಗುವುದರಿಂದ ಕಪ್ಪು ಪುಡಿ ಉದುರುತ್ತದೆ, ಆಮ್ಲಜನಕದ ಪ್ರಮಾಣವೂ ಜಲಜನಕದ ಅರ್ಧಕ್ಕಿಂತ ಕಡಿಮೆ ಬರುತ್ತದೆ. ಅಲ್ಯೂಮಿನಿಯಂ ತಯಾರಿಕೆಯಲ್ಲಾದರೋ ಇದೇ ಸವೆತವನ್ನು ಬೇಕೆಂದೇ ಬಳಸುತ್ತಾರೆ. ಇಂಗಾಲದ ಧನಾಗ್ರ ಉರಿದುಹೋಗುವುದರಿಂದ ಅಷ್ಟರಮಟ್ಟಿಗೆ ಕಡಿಮೆ ವೋಲ್ಟೇಜ್ ಸಾಕಾಗುತ್ತದೆ.

ಜಲಜನಕ ಮತ್ತು ಆಮ್ಲಜನಕಗಳ ಎರಡಕ್ಕೊಂದರ ಅನುಪಾತ ಸರಿಯಾಗಿ ಕಾಣಬೇಕಾದರೆ ಆಮ್ಲವನ್ನು ಬಿಟ್ಟು ವಾಷಿಂಗ್ ಸೋಡಾದ ದ್ರಾವಣ ಮತ್ತು ನಿಕ್ಕಲ್ ಪಟ್ಟಿಗಳನ್ನು ಬಳಸಿ ಎಂಬುದು ನನ್ನ ಸಲಹೆ. ಇಂಥ ಕ್ಷಾರದಲ್ಲಿ ನಿಕ್ಕಲ್ ಮೇಲೆ ಗಟ್ಟಿಯಾದ ಆಕ್ಸೈಡ್ ಪದರ ಮೂಡುತ್ತದೆ, ಅದರ ಮೂಲಕ ವಿದ್ಯುತ್ತೂ ಹರಿಯುತ್ತದೆ. ಕೈಗಾರಿಕೆಯ ಕ್ಷಾರೀಯ ಎಲೆಕ್ಟ್ರೊಲೈಸರ್‌ಗಳು (ವಿದ್ಯುದ್ವಿಭಜನೆಯ ಯಂತ್ರಗಳು) ನಿಕ್ಕಲನ್ನೇ ನೆಚ್ಚಿಕೊಂಡಿರುವುದು ಇದಕ್ಕೇ. ಆಮ್ಲದಲ್ಲಿ ಅದೇ ನಿಕ್ಕಲ್ ಕರಗಿಹೋಗುತ್ತದೆ. ಬ್ಯಾಟರಿ ಪ್ಯಾಕ್ ಜೋಡಿಸುವವರ ಬಳಿ ಈ ಪಟ್ಟಿ ಸಿಗುತ್ತದೆ, ಆದರೆ ನಿಕ್ಕಲ್ ಲೇಪಿಸಿದ ಸ್ಟೀಲೂ ಅದೇ ಹೆಸರಿನಲ್ಲಿ ಮಾರಾಟವಾಗುತ್ತದೆ. ಆಯಸ್ಕಾಂತ ಎರಡನ್ನೂ ಸೆಳೆಯುವುದರಿಂದ ಅದರಿಂದ ಪತ್ತೆಯಾಗದು; ಪಟ್ಟಿಯನ್ನು ಆಳವಾಗಿ ಗೀರಿ ಒಂದೆರಡು ದಿನ ಉಪ್ಪುನೀರಿನಲ್ಲಿಟ್ಟು ನೋಡಿ, ಗೀರಿನಲ್ಲಿ ತುಕ್ಕು ಕಂಡರೆ ಅದು ಸ್ಟೀಲು.

ಟೈಟಾನಿಯಂ ತುಕ್ಕು ಹಿಡಿಯದ ಲೋಹವೆಂದು ಕೊಂಡರೆ ನಿರಾಶೆಯಾದೀತು: ಬರಿಯ ಟೈಟಾನಿಯಂ ಧನಾಗ್ರವಾದಾಗ ವಿದ್ಯುತ್ ಹರಿಯಗೊಡದ ಪದರವನ್ನು ತಾನೇ ಹೊದ್ದುಕೊಳ್ಳುತ್ತದೆ. ರುಥೇನಿಯಂ ಅಥವಾ ಇರಿಡಿಯಂ ಆಕ್ಸೈಡ್ ಲೇಪಿಸಿದ್ದೇ ಬೇಕು, ಅದನ್ನೂ ಧನಾಗ್ರವಾಗಿ ಮಾತ್ರ ಬಳಸಬೇಕು.

ಯಾವುದನ್ನೇ ಬಳಸಿದರೂ ಪ್ರಯೋಗ ಶುರುವಾದ ಮೊದಲ ಕೆಲವು ನಿಮಿಷಗಳ ಅನಿಲವನ್ನು ಅಳೆಯಬೇಡಿ. ಆಮ್ಲಜನಕ ಜಲಜನಕಕ್ಕಿಂತ ಹೆಚ್ಚಾಗಿ ನೀರಿನಲ್ಲಿ ಕರಗುವುದರಿಂದ, ದ್ರಾವಣ ಅದರಿಂದ ತುಂಬಿಕೊಂಡ ಮೇಲೆ ಪ್ರನಾಳಗಳನ್ನು ಮತ್ತೆ ದ್ರಾವಣದಿಂದ ಭರ್ತಿ ಮಾಡಿ ಬೋರಲಿಟ್ಟು ಅಳತೆ ಆರಂಭಿಸಿ.