ನಿರ್ವಾತದಲ್ಲಿ ಎರಡು ಲೋಹದ ಫಲಕಗಳು ಪರಸ್ಪರ ಸೆಳೆಯುತ್ತವೆಯೇ?

ನಿರ್ವಾತದಲ್ಲಿಟ್ಟ ಎರಡು ಲೋಹದ ಫಲಕಗಳು ತಾವಾಗಿಯೇ ಪರಸ್ಪರ ಸೆಳೆಯುವುದು ನಿಜವೇ, ಹುಬ್ಬಳ್ಳಿಯ ಗೋಕುಲ ರಸ್ತೆಯ ತಮ್ಮ ವರ್ಕ್‌ಶಾಪಿನಲ್ಲಿ ಸ್ಲಿಪ್ ಗೇಜ್‌ಗಳು (ನಿಖರ ಅಳತೆಗೆ ಬಳಸುವ, ಅತಿ ನಯವಾದ ಮೈಯ ಗಟ್ಟಿಗಳು) ಅಂಟಿಕೊಳ್ಳುವುದೂ ಅದೇ ಬಲದಿಂದಲೇ, ಅದರಿಂದ ವಿದ್ಯುತ್ ತಯಾರಿಸಬಹುದೇ ಎಂದು ಕೇಳಿದ್ದೀರಿ. ನಾನು ಧಾರವಾಡದಲ್ಲಿ ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ಭೌತಶಾಸ್ತ್ರ ಕಲಿಸುತ್ತೇನೆ. ಈ ಪ್ರಶ್ನೆ ತರಗತಿಯಲ್ಲೂ ಆಗಾಗ ಬರುತ್ತದೆ.

ಸೆಳೆತ ನಿಜ. ಗಾಳಿ, ಬೆಳಕು, ಶಾಖ ಎಲ್ಲವನ್ನೂ ತೆಗೆದ ಮೇಲೂ ವಿದ್ಯುತ್ಕಾಂತೀಯ ಕ್ಷೇತ್ರವು ಪೂರ್ತಿ ಸ್ತಬ್ಧವಾಗುವುದಿಲ್ಲ ಎನ್ನುತ್ತದೆ ಕ್ವಾಂಟಮ್ ಸಿದ್ಧಾಂತ. ಫಲಕಗಳ ನಡುವೆ ಆ ಅಂತರಕ್ಕೆ ಹೊಂದುವ ಕಂಪನಗಳಿಗೆ ಮಾತ್ರ ಎಡೆಯಿರುವುದರಿಂದ ಅಲ್ಲಿನ ಒಟ್ಟು ಶಕ್ತಿಯು ಅಂತರವನ್ನು ಅವಲಂಬಿಸಿರುತ್ತದೆ; ಅಂತರ ಕಿರಿದಾದಷ್ಟೂ ಶಕ್ತಿ ಕುಗ್ಗುವುದರಿಂದ ಫಲಕಗಳು ಹತ್ತಿರ ಸರಿಯಲು ಹವಣಿಸುತ್ತವೆ. 1948ರಲ್ಲಿ ಇದನ್ನು ಲೆಕ್ಕ ಹಾಕಿದವರು ಫಿಲಿಪ್ಸ್ ಪ್ರಯೋಗಾಲಯದ ಹೆಂಡ್ರಿಕ್ ಕ್ಯಾಸಿಮಿರ್; ಅದಕ್ಕೇ ಇದಕ್ಕೆ ಕ್ಯಾಸಿಮಿರ್ ಬಲವೆಂದು ಹೆಸರು. ಹೊರಗಿನ ಕಣಗಳು ಫಲಕಗಳನ್ನು ಒಳಕ್ಕೆ ತಳ್ಳುತ್ತವೆ ಎಂದು ವಿಡಿಯೋಗಳಲ್ಲಿ ತೋರಿಸುವ ಚಿತ್ರ ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಲೋಹದೊಳಗಿನ ವಿದ್ಯುದಂಶಗಳ ಪರಸ್ಪರ ಸೆಳೆತವೆಂದೇ ಭಾವಿಸಿ, ನಿರ್ವಾತದ ಶಕ್ತಿಯ ಮಾತೆತ್ತದೆ, ಇದೇ ಉತ್ತರವನ್ನು ಪಡೆಯಬಹುದೆಂದು ಭೌತವಿಜ್ಞಾನಿ ರಾಬರ್ಟ್ ಜಾಫೆ 2005ರಲ್ಲಿ ತೋರಿಸಿದ್ದಾರೆ.

ಬಲದ ಪ್ರಮಾಣ ಮಾತ್ರ ತೀರಾ ಅಲ್ಪ. ಒಂದು ಚದರ ಸೆಂಟಿಮೀಟರಿನ ಆದರ್ಶ ಫಲಕಗಳು ಒಂದು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ದೂರದಲ್ಲಿದ್ದರೆ ಸೆಳೆತವು ಒಂದು ಗ್ರಾಂನ ಸುಮಾರು ಲಕ್ಷದ ಒಂದು ಭಾಗದ ತೂಕದಷ್ಟಿರುತ್ತದೆ. ಆದರೆ ಅಂತರ ಅರ್ಧವಾದರೆ ಬಲ 16 ಪಟ್ಟಾಗುತ್ತದೆ, ಹತ್ತರ ಒಂದಂಶವಾದರೆ 10,000 ಪಟ್ಟು. ಎರಡು ಫಲಕಗಳನ್ನು ಇಷ್ಟು ಹತ್ತಿರದಲ್ಲಿ ಸಮಾನಾಂತರವಾಗಿ ನಿಲ್ಲಿಸುವುದು ಎಷ್ಟು ಕಷ್ಟವೆಂದು ಅಳತೆಯ ಕೆಲಸ ಮಾಡುವ ತಮಗೆ ಹೇಳಬೇಕಿಲ್ಲ. ಆ ತೊಡಕನ್ನು ತಪ್ಪಿಸಲೆಂದೇ 1997ರಲ್ಲಿ ಭೌತವಿಜ್ಞಾನಿ ಸ್ಟೀವ್ ಲ್ಯಾಮೊರೊ ಒಂದು ಚಪ್ಪಟೆ ಫಲಕದೆದುರು ಗೋಲಾಕಾರದ ಮೇಲ್ಮೈಯನ್ನಿಟ್ಟು ಬಲವನ್ನು ಅಳೆದರು.

ಇನ್ನು ಸ್ಲಿಪ್ ಗೇಜ್‌ಗಳ ವಿಚಾರ. ಒರೆಸಿ, ಒಂದರ ಮೇಲೊಂದು ಒತ್ತಿ ಜಾರಿಸಿದಾಗ ಅವು ಹಿಡಿದುಕೊಳ್ಳುವುದಕ್ಕೆ ನಡುವೆ ಉಳಿಯುವ ಎಣ್ಣೆ ಅಥವಾ ತೇವದ ಅತಿ ತೆಳು ಪದರವೂ ಮೇಲ್ಮೈಗಳ ಅಣುಗಳ ನಡುವಿನ ಸೆಳೆತವೂ ಕಾರಣ. ಈ ಅಣುಗಳ ಸೆಳೆತವು ಕ್ಯಾಸಿಮಿರ್ ಬಲದ ಮನೆತನದ್ದೇ. ಆದರೆ ಪದರದ ಪಾಲೂ ಸೇರಿರುವಾಗ ಇಡೀ ಹಿಡಿತವನ್ನು ನಿರ್ವಾತದ ಲೆಕ್ಕಕ್ಕೆ ಬರೆಯಲಾಗದು.

ವಿದ್ಯುತ್ ತಯಾರಿಕೆ ಸಾಧ್ಯವಿಲ್ಲ. ಫಲಕಗಳು ಕೂಡುವಾಗ ಒಮ್ಮೆ ಶಕ್ತಿ ದೊರೆತೀತು, ಆದರೆ ಮತ್ತೆ ಮೊದಲಿನ ಅಂತರಕ್ಕೆ ತರಲು ಕನಿಷ್ಠ ಅಷ್ಟೇ ಶಕ್ತಿಯನ್ನು ನಾವೇ ವ್ಯಯಿಸಬೇಕಾಗುತ್ತದೆ.